ಎಲ್ಲದಕ್ಕೂ ಒಂದೇ ಮಾತ್ರೆ: ‘ಇದೆಲ್ಲ ಸಹಜ’

ಓದುಗರ ಪತ್ರ: “ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಹೆಂಗಸರ ಆರೋಗ್ಯ ಅಂತ ಹನ್ನೆರಡು ಪುಟ ಹಾಕಿದ್ದೀರಿ. ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವುದು, ಮೂಳೆ ಸವೆತ, ಎಲ್ಲ ಓದಿ ಮುಗಿಸುವಷ್ಟರಲ್ಲಿ ನನಗೇ ಜ್ವರ ಬಂದ ಹಾಗಾಯಿತು. ಇದೆಲ್ಲ ಹೆಣ್ಣಾಗಿ ಹುಟ್ಟಿದ ಮೇಲೆ ಸಹಜ. ನಮ್ಮ ಅಮ್ಮ, ಅಜ್ಜಿ ಯಾವ ಟೆಸ್ಟೂ ಇಲ್ಲದೆ ಬದುಕಲಿಲ್ಲವೇ? ನನಗೀಗ 61. ಮುಟ್ಟು ನಿಂತು ಎಂಟು ವರ್ಷವಾದ ಮೇಲೆ ಹೋದ ತಿಂಗಳು ಎರಡು ದಿನ ಸ್ವಲ್ಪ ರಕ್ತ ಕಂಡಿತು. ನಾನೇನು ಆಸ್ಪತ್ರೆಗೆ ಓಡಿದೆನೇ? ಈಗಿನ ಹುಡುಗಿಯರು ಮೊದಲೇ ಪುಕ್ಕಲರು. ನೀವು ಅವರನ್ನು ಇನ್ನಷ್ಟು ಹೆದರಿಸಬೇಡಿ.” (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ಎರಡು ಪುಟದ ಪತ್ರದಲ್ಲಿ ಒಂದೂ ಚಿತ್ತಿಲ್ಲ. ಇಷ್ಟು ಚೆಂದ ಬೈಯುವವರು ಈಗ ಕಡಿಮೆ.

ನೀವು ಹೇಳಿದ್ದರಲ್ಲಿ ನಿಜ ಇಲ್ಲ ಅಂತಲ್ಲ. ಹೆದರಿಕೆಯನ್ನು ಮಾರುವವರು ಇದ್ದಾರೆ. ಮೈನೆರೆದ ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳು ತಿಂಗಳು ಲೆಕ್ಕ ಹಿಡಿದು ಬರುವುದಿಲ್ಲ. ಆ ವಯಸ್ಸಿಗೆ 45 ದಿನದ ಅಂತರ ಕೂಡ ಲೆಕ್ಕದೊಳಗೇ ಇದೆ. ಆದರೂ ಹದಿಮೂರರ ಹುಡುಗಿಗೆ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಕಾಯಿಲೆ) ಅಂತ ಹಣೆಪಟ್ಟಿ ಹಚ್ಚಿ ಕಳಿಸುವುದುಂಟು. ಮುಟ್ಟು ನಿಲ್ಲುವುದು ಕಾಯಿಲೆಯಲ್ಲ, ಎಷ್ಟೋ ಜನ ಅದನ್ನು ಸಲೀಸಾಗಿ ದಾಟುತ್ತಾರೆ. ಒಪ್ಪಿದೆ.

ಇನ್ನು ನನ್ನ ಜಗಳ. ಅದು ನಿಮ್ಮ ಜೊತೆ ಅಲ್ಲ, ನಿಮ್ಮ ಪತ್ರದ ಒಂದು ಪದದ ಜೊತೆ. ‘ಸಹಜ’.

ಈ ಪದದ ಮೇಲೆ ನನಗೆ ಹಳೇ ಸಿಟ್ಟಿದೆ. ಜಾಸ್ತಿ ಸಿಟ್ಟು ನನ್ನ ಮೇಲೇ. ಯಾಕೆ ಅಂತ ಹೇಳುತ್ತೇನೆ.

ಹಿಂದೆ ನಮ್ಮಲ್ಲಿ ಒಬ್ಬ ಹುಡುಗಿ ಪ್ರೂಫ್ ನೋಡುತ್ತಿದ್ದಳು. ತಿಂಗಳಲ್ಲಿ ಎರಡು ದಿನ ಅವಳ ಕುರ್ಚಿ ಮೇಜಿನಿಂದ ಒಂದು ಮೊಳ ಹಿಂದೆ ಇರುತ್ತಿತ್ತು. ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ಆ ಎರಡು ದಿನದ ಪುಟಗಳನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಅವಳ ಕೆಂಪು ಗೆರೆಗಳೆಲ್ಲ ಒಂದು ಕಡೆ ವಾಲಿರುತ್ತಿದ್ದವು. ಒಂದು ದಿನ ಬೆನ್ನು ತಟ್ಟಿ, “ನಮಗೂ ಹೀಗೇ ಆಗುತ್ತಿತ್ತು ಕಣೇ, ಒಂದು ಮಗುವಾದರೆ ಎಲ್ಲ ಸರಿ ಹೋಗುತ್ತೆ” ಅಂದೆ. ದೊಡ್ಡ ಉಪಕಾರ ಮಾಡಿದ ಹಾಗೆ ನನ್ನ ಕೋಣೆಗೆ ಹೋಗಿ ಕೂತೆ.

ಅವಳು ಕೆಲಸ ಬಿಟ್ಟು ಆರು ವರ್ಷವಾದ ಮೇಲೆ ಒಂದು ಮೆಸೇಜ್ ಬಂತು. “ಮೇಡಂ, ಆಪರೇಷನ್ ಆಯ್ತು. ಎಂಡೊಮೆಟ್ರಿಯೋಸಿಸ್. ಅದು ಸಹಜ ಅಲ್ವಂತೆ.”

ಅಷ್ಟೇ. ಬೈಗುಳ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಊತ, ಗಾಯದ ಕಲೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಎಲ್ಲ ಇದರ ಹಿಂದೆಯೇ ಬರುತ್ತವೆ. ಮುಟ್ಟಾಗುವ ವಯಸ್ಸಿನ ಹತ್ತು ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೋವು ಶುರುವಾದ ದಿನದಿಂದ ಕಾಯಿಲೆಯ ಹೆಸರು ಗೊತ್ತಾಗುವ ದಿನದವರೆಗೆ ನಾಲ್ಕರಿಂದ ಹನ್ನೆರಡು ವರ್ಷ ಹಿಡಿಯುತ್ತದಂತೆ. ಅಷ್ಟು ವರ್ಷ ಅವರನ್ನು ಕೂರಿಸಿದವರು ಬರೀ ಡಾಕ್ಟರುಗಳಲ್ಲ. ಅಮ್ಮಂದಿರು, ಅಕ್ಕಂದಿರು, ನನ್ನಂಥ ಮೇಡಂಗಳು ಕೂಡ. ಮುಟ್ಟಿನಲ್ಲಿ ಸ್ವಲ್ಪ ನೋವು ಎಲ್ಲರಿಗೂ ಇದ್ದದ್ದೇ. ಆದರೆ ಮಾತ್ರೆ ನುಂಗಿದರೂ ಶಾಲೆಗೆ ಹೋಗಲಾಗದ ನೋವು, ಸಂಡಾಸಿಗೆ ಕೂತಾಗ ಪ್ರಾಣ ಹೋಗುವಂಥ ನೋವು ‘ಇದ್ದದ್ದೇ’ ಅಲ್ಲ.

ನಮ್ಮ ಭಾಷೆಯಲ್ಲಿ ಇನ್ನೊಂದು ಪದ ಇದೆ: ಸುಸ್ತು. ಹೆಂಗಸರು ತಮ್ಮ ಅರ್ಧ ಕಾಯಿಲೆಗಳನ್ನು ಈ ಒಂದೇ ಚೀಲಕ್ಕೆ ತುಂಬುತ್ತಾರೆ. ರಕ್ತ ಕಮ್ಮಿಯಾದರೂ ಸುಸ್ತು, ಥೈರಾಯ್ಡ್ ಕೈಕೊಟ್ಟರೂ ಸುಸ್ತು, ಹೆರಿಗೆಯ ನಂತರ ಮನಸ್ಸು ಕುಸಿದರೂ ಸುಸ್ತು. ಕೇಳುವವರೂ “ಸ್ವಲ್ಪ ಮಲಗು” ಅಂದು ಮುಗಿಸುತ್ತಾರೆ. ಪ್ರಪಂಚದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ, ಬಸುರಿಗೆ 11ಕ್ಕಿಂತ ಕೆಳಗೆ ಇದ್ದರೆ ಅದು ರಕ್ತಹೀನತೆ. ಹಾಗಿದ್ದೂ ಎಷ್ಟೋ ಜನ 8 ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿರುತ್ತಾರೆ, ಅರ್ಧದಲ್ಲಿ ಗೋಡೆ ಹಿಡಿದು ನಿಂತು “ವಯಸ್ಸಾಯ್ತು” ಅಂತ ನಗುತ್ತಾರೆ. ವಯಸ್ಸು ಮೂವತ್ನಾಲ್ಕು! ಏಳು ದಿನ ದಾಟಿದರೂ ನಿಲ್ಲದ ಮುಟ್ಟು, ಗಂಟೆ ಎರಡು ಗಂಟೆಗೊಂದು ಪ್ಯಾಡ್, ಹೆಪ್ಪುಗಟ್ಟಿದ ರಕ್ತದ ದೊಡ್ಡ ದೊಡ್ಡ ಗಡ್ಡೆ. ಇದು ಜಾಸ್ತಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಪಕ್ಕದವರದ್ದು ಎಷ್ಟು ಅಂತ ನೋಡಿ ಅಳೆಯುವ ವಿಷಯವೇ ಅದು?

ನನ್ನದೂ ಹೇಳಿಬಿಡುತ್ತೇನೆ. 48ರಲ್ಲಿ ನನಗೆ ನಿದ್ದೆ ಹೋಯಿತು, ತೂಕ ಏರಿತು, ಕೂದಲು ಉದುರಿತು, ಸಂಪಾದಕೀಯದ ಎರಡನೇ ಸಾಲು ಬರೆಯುವಾಗ ಮೊದಲ ಸಾಲು ಮರೆಯತೊಡಗಿತು. ಡಾಕ್ಟರು ಮುಖ ಎತ್ತದೆಯೇ “ಮೆನೋಪಾಸ್, ಈ ವಯಸ್ಸಿಗೆ ಸಹಜ” ಅಂದರು. ಒಂದೂವರೆ ವರ್ಷ ಸುಮ್ನೆ ಇದ್ದೆ. ಆಮೇಲೆ ಬೇರೊಬ್ಬರು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಪೂರ್ತಿ ಮಂಕಾಗಿತ್ತು. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ. ಈ ತೊಂದರೆ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ ಅಂತ ಗೊತ್ತಿದ್ದೂ ಮೊದಲ ಡಾಕ್ಟರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಅಮ್ಮ, ಅಜ್ಜಿ ಬದುಕಲಿಲ್ಲವೇ ಅಂದಿರಿ. ಬದುಕಿದವರು ಬದುಕಿದರು. ಬದುಕದವರು ಪತ್ರ ಬರೆಯುವುದಿಲ್ಲ, ಅಲ್ವಾ? 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಹತ್ತು ಬಾಣಂತಿಯರಲ್ಲಿ ಒಬ್ಬಳು ಜ್ವರ ಬಂದು ಸಾಯುತ್ತಿದ್ದಳು. ಗಾಳಿ ಸರಿಯಿಲ್ಲ, ಹೆಂಗಸರ ಮೈಯೇ ಹಾಗೆ, ಹೀಗೆ ನೂರು ಕಾರಣ ಹೇಳುತ್ತಿದ್ದರು. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಡಾಕ್ಟರ್ ನೋಡಿದ: ಹೆಣ ಕೊಯ್ದು ಬಂದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದಾರೆ. 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂದ. ಸಾವು ಸರಕ್ಕನೆ ಇಳಿಯಿತು. ಅದಕ್ಕೆ ಅವನಿಗೆ ಸಿಕ್ಕಿದ್ದು ಸಹೋದ್ಯೋಗಿಗಳ ತಾತ್ಸಾರ. ಬಾಣಂತಿ ಸಾಯುವುದು ಕೂಡ ಒಂದು ಕಾಲಕ್ಕೆ ಸಹಜವೇ ಆಗಿತ್ತು ನೋಡಿ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಪೆನ್ನು ಈಗ ಬಿಸಿಯಾಗಿದೆ.

ಹೆಂಗಸರ ಮಾತನ್ನು ನಂಬದೆ ಇರುವುದಕ್ಕೆ ವೈದ್ಯಶಾಸ್ತ್ರ ಒಂದು ಕಾಯಿಲೆಯನ್ನೇ ಹುಟ್ಟಿಸಿತ್ತು, ಹಿಸ್ಟೀರಿಯಾ ಅಂತ. ಗ್ರೀಕ್ ಭಾಷೆಯಲ್ಲಿ ಹಿಸ್ಟೆರಾ ಅಂದರೆ ಗರ್ಭಕೋಶ. ಅಮೆರಿಕದ ಮನೋವೈದ್ಯರ ಕೈಪಿಡಿ ಈ ಹೆಸರನ್ನು ಬಿಟ್ಟಿದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ನಡೆದು ಬಂದು ಹನ್ನೊಂದು ವರ್ಷವಾಗಿತ್ತು. ಅದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಬಸಿರಾಗಬಲ್ಲ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಿ ಅಂತ ಸಲಹೆ ಕೊಟ್ಟಿತು. ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆದೀತು ಅನ್ನುವ ಭಯ. ಭಯಕ್ಕೆ ಕಾರಣವೂ ಇತ್ತು. ಆದರೆ ಮಾತ್ರೆ ಹೊರಗೆ ಬಂದ ಮೇಲೆ ಅದನ್ನು ನುಂಗುವವರಲ್ಲಿ ಹೆಂಗಸರೂ ಇರುತ್ತಾರಲ್ಲ! ಆ ಸಲಹೆ ಬದಲಾಗಿದ್ದು 1993ರಲ್ಲಿ. ಜೋಲ್ಪಿಡೆಮ್ ಅಂತ ಒಂದು ನಿದ್ದೆ ಮಾತ್ರೆ ಇದೆ. ಅದು ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷದ ಮೇಲೆ, 2013ರಲ್ಲಿ, ಹೆಂಗಸರಿಗೆ 10 ಮಿಲಿಗ್ರಾಂ ಬೇಡ, 5 ಸಾಕು ಅಂತ ಅದೇ ಸಂಸ್ಥೆ ಹೇಳಿತು. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೋಗುತ್ತದೆ, ಬೆಳಿಗ್ಗೆ ಕಾರು ಓಡಿಸುವಾಗಲೂ ಮಂಪರು ಉಳಿದಿರಬಹುದು ಅಂತ. ಅಷ್ಟು ವರ್ಷ ಅದನ್ನು ನುಂಗಿ ಮಧ್ಯಾಹ್ನದವರೆಗೆ ತೂಕಡಿಸಿದವರಿಗೆ ಏನು ಹೇಳಿ ಕಳಿಸಿರುತ್ತಾರೆ, ನೀವೇ ಊಹಿಸಿ.

ನಗು ಬರುವ ಕತೆಯೂ ಇದೆ. 1983ರಲ್ಲಿ ಸ್ಯಾಲಿ ರೈಡ್ ಎಂಬ ಗಗನಯಾತ್ರಿ ಹೆಂಗಸು ಬಾಹ್ಯಾಕಾಶಕ್ಕೆ ಹೊರಟಾಗ ನಾಸಾದ ಎಂಜಿನಿಯರುಗಳು ಒಂದು ವಾರದ ಪ್ರಯಾಣಕ್ಕೆ 100 ಟ್ಯಾಂಪನ್ (ಮುಟ್ಟಿನಲ್ಲಿ ಪ್ಯಾಡ್ ಬದಲು ಒಳಗಿಡುವ ಹತ್ತಿಯ ಸುರುಳಿ) ಸಾಕೇ ಅಂತ ಕೇಳಿದ್ದರು. ಕಕ್ಷೆಯ ಲೆಕ್ಕ ಅಷ್ಟು ಚೆನ್ನಾಗಿ ಗೊತ್ತಿದ್ದವರಿಗೆ ಮುಟ್ಟಿನ ಲೆಕ್ಕ ಗೊತ್ತಿರಲಿಲ್ಲ. ಆದರೂ ಅವರ ಮೇಲೆ ನನಗೆ ಪ್ರೀತಿ. ಕೇಳಿದರಲ್ಲ!

ಕೇಳದೆ ಇರುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಎದೆನೋವು ನೋಡಿ. ಸಿನಿಮಾದ ಗಂಡಸು ಎದೆ ಹಿಡಿದು ಬೀಳುತ್ತಾನೆ, ಎಲ್ಲರಿಗೂ ಅರ್ಥವಾಗುತ್ತದೆ. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ, ಕೆಲವರಲ್ಲಿ ಅದಿಲ್ಲದೆಯೂ, ದವಡೆ ನೋವು, ಬೆನ್ನು ನೋವು, ವಾಕರಿಕೆ, ಉಬ್ಬಸ ಬರುತ್ತವೆ. ಅದನ್ನು ಗ್ಯಾಸ್ ಅನ್ನುತ್ತಾರೆ. ಪ್ರಪಂಚದಲ್ಲಿ ಹೆಂಗಸರನ್ನು ಹೆಚ್ಚು ಕೊಲ್ಲುವುದು ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ. ಬಸಿರಲ್ಲಿ ಬಿಪಿ ಏರಿದ್ದವರಿಗೆ ಮುಂದೆ ಹೃದಯದ ತೊಂದರೆ, ಬಸಿರಲ್ಲಿ ಸಕ್ಕರೆ ಏರಿದ್ದವರಿಗೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಹೆರಿಗೆ ಆದ ಕೂಡಲೇ ಆ ಫೈಲನ್ನು ಮಡಿಸಿಡುತ್ತಾರೆ, ಆಮೇಲೆ ಯಾರೂ ಬಿಚ್ಚುವುದಿಲ್ಲ. ಕೆಮ್ಮಿದರೆ, ನಕ್ಕರೆ ಒಂದೆರಡು ಹನಿ ಮೂತ್ರ ಜಿನುಗುವುದನ್ನಂತೂ ಗಂಡನಿಗೂ ಹೇಳದೆ ಇಪ್ಪತ್ತು ವರ್ಷ ಕಳೆಯುತ್ತಾರೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಸರಿಯಾದ ವ್ಯಾಯಾಮ ಕಲಿತರೆ ಬಹಳ ಜನರಿಗೆ ಅದು ಹತೋಟಿಗೆ ಬರುತ್ತದೆ. ನಗುವುದನ್ನೇ ಬಿಟ್ಟವರನ್ನು ನೋಡಿದ್ದೇನೆ.

ಅಮ್ಮನ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 58ರ ವಯಸ್ಸಿನಲ್ಲಿ ಅಮ್ಮ ನಡುಮನೆಯಲ್ಲಿ ಜಾರಿ, ಕೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. “ಬಿದ್ದರೆ ಮುರಿಯುತ್ತೆ, ಸಹಜ” ಅಂದೆವು. ಕಟ್ಟು ಹಾಕಿಸಿದೆವು, ಮರೆತೆವು. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾಗಿದ್ದು ಆವತ್ತು. ಯಾರೂ ಹೇಳಲಿಲ್ಲ. ಹತ್ತು ವರ್ಷದ ನಂತರ ಒಂದು ದಿನ ಕ್ಯಾಲೆಂಡರಿನ ಮೊಳೆಯನ್ನು ನಾಲ್ಕು ಬೆರಳು ಕೆಳಗೆ ಹೊಡೆದುಕೊಡು ಅಂದರು. “ಈ ಗೋಡೆ ಬೆಳೀತಿದೆ ಕಣೇ” ಅಂತ ತಮಾಷೆ ಬೇರೆ. ಹೊಡೆದುಕೊಟ್ಟೆ. ಮರುವರ್ಷ ಇನ್ನೆರಡು ಬೆರಳು ಕೆಳಗೆ ಹೊಡೆದೆ. ಕೆಮ್ಮಿಗೆ ಅಂತ ತೆಗೆಸಿದ ಎಕ್ಸ್‌ರೇಯಲ್ಲಿ ಗೊತ್ತಾಯಿತು, ಬೆನ್ನಿನ ಎರಡು ಮೂಳೆ ಯಾವತ್ತೋ ಕುಸಿದು ಚಪ್ಪಟೆಯಾಗಿದ್ದವು. ಮುಟ್ಟು ನಿಂತು, ಈಸ್ಟ್ರೋಜೆನ್ ಅನ್ನುವ ಹಾರ್ಮೋನು ಇಳಿದ ಮೇಲಿನ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ ಹೀಗೆ ಸವೆದ ಮೂಳೆ ಮುರಿಯುತ್ತದೆ. ಆ ಗೋಡೆಯಲ್ಲಿ ಒಂದರ ಕೆಳಗೊಂದು ಮೂರು ತೂತು ಇವತ್ತಿಗೂ ಇವೆ. ಹೊಸ ಬಣ್ಣ ಬಳಿಯುವಾಗ ಅವನ್ನು ಮುಚ್ಚಲು ನಾನು ಬಿಡಲಿಲ್ಲ.

ಹೆದರಿಸಬೇಡಿ ಅಂದಿರಿ. ಗರ್ಭಕೊರಳಿನ ಕ್ಯಾನ್ಸರ್ ಬಹುತೇಕ ಎಲ್ಲ ಸಲ ಬರುವುದು ಎಚ್‌ಪಿವಿ ವೈರಸ್‌ನಿಂದ. ಅದನ್ನು ತೋರಿಸಿಕೊಟ್ಟದ್ದಕ್ಕೆ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಹುಡುಗಿಯರಿಗೆ ಲಸಿಕೆ ಇದೆ, ದೊಡ್ಡವರಿಗೆ ತಪಾಸಣೆ ಇದೆ. 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಒಳ್ಳೆಯ ಪರೀಕ್ಷೆಯಾದರೂ ಎಷ್ಟೋ ಜೀವ ಉಳಿಯುತ್ತದೆ ಅನ್ನುವ ಲೆಕ್ಕದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಗುರಿ ಇಟ್ಟುಕೊಂಡಿದೆ. ಇದನ್ನು ಹೇಳುವುದು ಹೆದರಿಸುವುದು ಅನ್ನುವುದಾದರೆ, ಹೌದು, ಹೆದರಿಸುತ್ತೇನೆ.

ಈಗ ನೀವು ಪತ್ರದ ಮಧ್ಯದಲ್ಲಿ, ಏನೂ ಅಲ್ಲವೆಂಬಂತೆ ಬರೆದ ಆ ಒಂದು ಸಾಲು. ಮುಟ್ಟು ನಿಂತು ಎಂಟು ವರ್ಷದ ಮೇಲೆ ಎರಡು ದಿನ ಕಂಡಿತು ಅಂದಿರಿ. ಅಚ್ಚಾಗುವ ತನಕ ಕಾಯುವ ಸಾಲಲ್ಲ ಅದು. ಪತ್ರ ಓದಿದ ದಿನವೇ ನಿಮ್ಮ ವಿಳಾಸಕ್ಕೆ ಬೇರೆ ಬರೆದು ಹಾಕಿದ್ದೇನೆ, ತಲುಪಿರಬೇಕು. ಇಲ್ಲಿ ಮತ್ತೆ ಹೇಳುತ್ತಿರುವುದು ನಿಮ್ಮ ಹಾಗೇ ಸುಮ್ಮನಿರುವ ಉಳಿದವರಿಗೂ ಕೇಳಲಿ ಅಂತ. ಒಂದು ವರ್ಷ ಪೂರ್ತಿ ನಿಂತ ಮೇಲೆ ಮತ್ತೆ ಕಂಡರೆ, ಒಂದು ಹನಿಯಾದರೂ, ತೋರಿಸಲೇಬೇಕು. ಹಾಗೆ ಕಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಅದು ಕ್ಯಾನ್ಸರ್ ಆಗಿರುವುದಿಲ್ಲ. ಒಳಪದರ ತೆಳುವಾಗಿರುತ್ತದೆ, ಸಣ್ಣ ಪಾಲಿಪ್ (ಪದರದಲ್ಲಿ ಬೆಳೆಯುವ ಗಂಟು) ಇರುತ್ತದೆ, ಅಷ್ಟೇ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ಸುಳಿವು ಕೊಡುವುದೂ ಹೀಗೆಯೇ, ಮತ್ತು ಬೇಗ ಸಿಕ್ಕರೆ ಅದು ಬಹುಪಾಲು ವಾಸಿಯಾಗುವಂಥದ್ದು. ಒಂದು ಸ್ಕ್ಯಾನ್, ಬೇಕಾದರೆ ಒಳಪದರದ ಚೂರು ತೆಗೆದು ಒಂದು ಪರೀಕ್ಷೆ.

ಈ ವಾರವೇ ಹೋಗಿ. ಒಬ್ಬರೇ ಹೋಗಬೇಡಿ, ಪುಕ್ಕಲು ಹುಡುಗಿಯರು ಅಂದಿರಲ್ಲ, ಅವರಲ್ಲೇ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ. ಬಂದ ಮೇಲೆ ಒಂದು ಸಾಲು ಬರೆಯಿರಿ. ನನ್ನನ್ನು ಬೈದೇ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.