ಹತ್ತು ದಿನದ ಕ್ರಿಸ್ಮಸ್ ರಜೆಯಲ್ಲಿ ಕಾಸರಗೋಡಿನಿಂದ ಆಗ್ರಾ, ಜೈಪುರ, ಶಿಮ್ಲಾ

ಇಬ್ಬರು ಶಾಲಾ ಮಕ್ಕಳು ಹಾಗೂ ಎಪ್ಪತ್ತು ದಾಟಿದ ತಾಯಿಯವರೊಂದಿಗೆ ಹತ್ತು ದಿನಗಳ ಕ್ರಿಸ್ಮಸ್ ರಜೆಯಲ್ಲಿ ಆಗ್ರಾ, ಜೈಪುರ, ದೆಹಲಿ, ಶಿಮ್ಲಾ, ಮನಾಲಿ ಇಷ್ಟನ್ನೂ ನೋಡಿ ಬರಬಹುದೇ ಎಂದು ಕೇಳಿದ್ದೀರಿ. ನಾನೂ ಕಾಸರಗೋಡಿನವನೇ, ಇಂಥದ್ದೇ ಪಟ್ಟಿ ಹಿಡಿದು ಹೊರಟವನು. ಮನಾಲಿಯನ್ನು ಕೈಬಿಡಿ, ದೆಹಲಿಯನ್ನು ಒಂದು ರಾತ್ರಿ ತಂಗುವುದಕ್ಕಷ್ಟೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿಲೋಮೀಟರ್ ಬೆಟ್ಟದ ದಾರಿಯಿದ್ದು, ಹೋಗಲು ಒಂದು ದಿನ, ಬರಲು ಒಂದು ದಿನ ಕಾರಿನಲ್ಲೇ ಮುಗಿಯುತ್ತದೆ.

ಮಂಗಳೂರಿನ ನೆಂಟರು ದಸರಾ ರಜೆಯಲ್ಲಿ ಹೋಗಿ ಬಂದು ಅಲ್ಲಿನ ಹವೆಯನ್ನು ಹೊಗಳುವುದನ್ನು ನೀವೂ ಕೇಳಿರಬಹುದು. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದರೂ ರಜೆ ಮಾತ್ರ ಕೇರಳದ ಲೆಕ್ಕದ್ದು, ದಸರೆಗೆ ಅಷ್ಟು ದಿನ ಸಿಗುವುದಿಲ್ಲ. ಓಣಂ ರಜೆ ಹಿಮಾಚಲದ ಮಳೆ, ಭೂಕುಸಿತಗಳ ಕಾಲಕ್ಕೆ ಬೀಳುತ್ತದೆ. ಮೇ ತಿಂಗಳ ಆಗ್ರಾದ ಬಿಸಿಲಿಗೆ ವೃದ್ಧರನ್ನು ಕರೆದೊಯ್ಯುವಂತಿಲ್ಲ. ಆದುದರಿಂದ ಕ್ರಿಸ್ಮಸ್ ರಜೆಯೇ ಸರಿ, ಬಯಲುಸೀಮೆಯ ಬೆಳಗಿನ ದಟ್ಟ ಮಂಜನ್ನು ಲೆಕ್ಕಕ್ಕೆ ಹಿಡಿದುಕೊಂಡರಾಯಿತು.

ಮಂಗಳಾ ಎಕ್ಸ್‌ಪ್ರೆಸ್ಸಿಗೆ ಕಾಸರಗೋಡಿನಲ್ಲಿ ಹತ್ತಿದರೆ, ಎರಡು ರಾತ್ರಿ ಕಳೆದ ಮೇಲೆ ದೆಹಲಿಯ ನಿಜಾಮುದ್ದೀನ್ ನಿಲ್ದಾಣದವರೆಗೆ ಹೋಗದೆ ಆಗ್ರಾ ಕ್ಯಾಂಟ್‌ನಲ್ಲೇ ಇಳಿಯಿರಿ. ದೆಹಲಿಗೆ ಹೋಗಿ ಹಿಂದಕ್ಕೆ ಬರುವ ಶ್ರಮ ಉಳಿಯುತ್ತದೆ. ಮುಂಗಡ ಟಿಕೆಟ್ 60 ದಿನ ಮೊದಲಷ್ಟೇ ತೆರೆಯುವುದರಿಂದ ಆ ದಿನ ಬೆಳಿಗ್ಗೆಯೇ ಕುಳಿತು ತಾಯಿಯವರಿಗೆ ಕೆಳಗಿನ ಬರ್ತ್ ಹಿಡಿಯಬೇಕು. ತಾಜ್ ಮಹಲಿಗೆ ಶುಕ್ರವಾರ ರಜೆ ಎಂಬುದನ್ನು ನೋಡಿಕೊಂಡೇ ಹೊರಡುವ ದಿನವನ್ನು ನಿಶ್ಚಯಿಸಿ. ಸೂರ್ಯೋದಯಕ್ಕೆ ಹೋಗಬೇಕೆಂದು ಎಲ್ಲರೂ ಹೇಳುತ್ತಾರೆ. ನಾವೂ ಹಾಗೆಯೇ ಹೋಗಿ, ಬಿಳಿ ಮಂಜಿನಲ್ಲಿ ಮಿನಾರವೂ ಕಾಣದೆ ತಣ್ಣನೆಯ ಕಲ್ಲುಬೆಂಚಿನ ಮೇಲೆ ಮುದುಡಿ ಕುಳಿತೆವು. ಒಳಗಿರಲು ಟಿಕೆಟಿಗೆ ಮೂರು ಗಂಟೆಗಳ ಮಿತಿಯಿದ್ದು, ಗುಮ್ಮಟ ಕಣ್ಣಿಗೆ ಬೀಳುವಷ್ಟರಲ್ಲಿ ಅದರಲ್ಲಿ ಹೆಚ್ಚಿನ ಪಾಲು ಕಳೆದಿತ್ತು. ನೀವು ಹನ್ನೊಂದು ಗಂಟೆಯ ಮೇಲೆ ಹೋಗಿ.

ಮರುದಿನ ಕಾರಿನಲ್ಲಿ ಫತೇಪುರ್ ಸಿಕ್ರಿಯನ್ನು ನೋಡಿಕೊಂಡೇ ಜೈಪುರ ಸೇರಬಹುದು. ಅಲ್ಲಿ ಎರಡು ರಾತ್ರಿ ಬೇಕು. 1727ರಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ಆ ನಗರದಲ್ಲಿ ಮಕ್ಕಳಿಗೆ ಅರಮನೆಗಳಿಗಿಂತ ಜಂತರ್ ಮಂತರ್ ಎಂಬ ಹಳೆಯ ಖಗೋಳ ವೀಕ್ಷಣಾಲಯ ಹಿಡಿಸುತ್ತದೆ ಎಂಬುದು ನನ್ನ ಅನುಭವ. ಸುಮಾರು 27 ಮೀಟರ್ ಎತ್ತರದ ಸಮ್ರಾಟ್ ಯಂತ್ರವೆಂಬ ಬೃಹತ್ ನೆರಳು ಗಡಿಯಾರದಲ್ಲಿ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಅಮೃತಶಿಲೆಯ ಗೆರೆಯ ಮೇಲೆ ಅದು ಜರುಗುವುದನ್ನು ನನ್ನ ಮಗಳು ಬಗ್ಗಿ ನಿಂತು ನೋಡಿದಳು. ಅದು ತೋರಿಸುವ ಆ ಊರಿನ ಸೂರ್ಯನ ಸಮಯ ನಮ್ಮ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಜೈಪುರದ ರೇಖಾಂಶ ಬಹುಮಟ್ಟಿಗೆ ಕಾಸರಗೋಡಿನದೇ ಆದುದರಿಂದ ನಮ್ಮೂರಿನ ಸೂರ್ಯನೂ ಅಷ್ಟೇ ತಡ ಎಂದು ತಿಳಿದು ಅವಳಿಗೆ ಬಹಳ ಸಂತೋಷವಾಯಿತು.

ಜೈಪುರದಿಂದ ದೆಹಲಿಗೆ ಬಂದು ತಂಗಿ, ಮರುದಿನ ಬೆಟ್ಟದ ಬುಡದ ಕಾಲ್ಕಾಕ್ಕೆ ಹೋಗಿ ಅಲ್ಲಿಂದ ಶಿಮ್ಲಾಕ್ಕೆ ಪುಟ್ಟ ರೈಲು ಹಿಡಿಯಿರಿ. 1903ರಲ್ಲಿ ಆರಂಭವಾದ 96 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಸುರಂಗಗಳಿವೆ. ಮಂಜಿನಿಂದ ದೆಹಲಿಯ ರೈಲು ತಡವಾಗಿ ಪುಟ್ಟ ರೈಲು ತಪ್ಪಿದರೆ ಟ್ಯಾಕ್ಸಿ ಇದ್ದೇ ಇದೆ. ಶಿಮ್ಲಾದಲ್ಲಿಯೂ ಎರಡು ರಾತ್ರಿ ಇರಿ. ಪರ್ವತಗಳೊಂದಿಗೆ ಇತಿಹಾಸವೂ ಅಲ್ಲೇ ದೊರೆಯುತ್ತದೆ: ಬ್ರಿಟಿಷ್ ವೈಸ್‌ರಾಯ್ ಭಾರತದ ನಾಯಕರೊಂದಿಗೆ ಮಾತುಕತೆ ನಡೆಸಿದ 1945ರ ಶಿಮ್ಲಾ ಸಮ್ಮೇಳನ ನಡೆದ ವೈಸ್‌ರಾಯ್ ನಿವಾಸದಲ್ಲಿ ಈಗ ಉನ್ನತ ಅಧ್ಯಯನ ಸಂಸ್ಥೆಯಿದೆ. ಮಾಲ್ ರಸ್ತೆಗೆ ವಾಹನ ಬಿಡುವುದಿಲ್ಲವಾದರೂ ಕೆಳಗಿನ ಕಾರ್ಟ್ ರೋಡಿನಿಂದ ಲಿಫ್ಟ್ ಇರುವುದರಿಂದ ತಾಯಿಯವರು ಏರು ಹತ್ತಬೇಕಾಗಿಲ್ಲ. ಕೋಣೆಯನ್ನು ಲಿಫ್ಟಿನ ಹತ್ತಿರವೇ ನೋಡಿ. ಒಂಬತ್ತನೆಯ ದಿನ ಚಂಡೀಗಢಕ್ಕೆ ಇಳಿದು, ಹತ್ತನೆಯ ದಿನ ವಿಮಾನದಲ್ಲಿ ಮಂಗಳೂರಿಗೆ ಮರಳಬಹುದು.

ಇನ್ನೊಂದು ಮಾತು. ಮೂರು ದಿನ ರೊಟ್ಟಿ ತಿಂದ ಮೇಲೆ ನನ್ನ ತಾಯಿ ಊಟವನ್ನೇ ಬಿಟ್ಟರು. ಒಂದು ಸಣ್ಣ ಕರೆಂಟ್ ಕುಕ್ಕರ್, ಎರಡು ಕಿಲೋ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿಯ ಭರಣಿ ಸ್ವೆಟರುಗಳ ಜೊತೆಗೇ ಇರಲಿ.