ಮಳೆಗಾಲದಲ್ಲಿ ಕಾಮಿಕ್ಸ್, ಕಾರ್ಡು

ಪ್ರಶ್ನೆ: ಹಳೆಯ ಕಾಮಿಕ್ಸ್‌ಗೆ ಬೂಷ್ಟು ಹಿಡಿದಿದೆ, ಬೋರ್ಡ್ ಗೇಮಿನ ಕಾರ್ಡುಗಳು ಬಿಲ್ಲಿನಂತೆ ಬಾಗಿವೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಎರಡಕ್ಕೂ ತೇವವೇ ಕಾರಣ. ಬೂಷ್ಟು ಹಿಡಿದವನ್ನು ಮೊದಲು ಬೇರೆಯಿಡಿ. ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಝಾಡಿಸಿ. ಹಸಿಯಿರುವಾಗ ಉಜ್ಜಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ (ಜುಲೈಯಲ್ಲಿ ನಿಮಗೆ ಬಿಸಿಲೆಲ್ಲಿ ಬಿಡಿ!). ಪಿವಿಸಿ ಕವರ್ ಶಾಯಿಗೆ ಅಂಟಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್‌ನದ್ದೇ ಕೊಳ್ಳಿ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು), ಜೊತೆಗೊಂದು ಹೈಗ್ರೋಮೀಟರ್ (ತೇವಾಂಶ ಮಾಪಕ) ಇಡಿ. ತೇವಾಂಶ ಶೇ 45–55 ಇದ್ದರೆ ಸಾಕು. ಕಿತ್ತಳೆ ಜೆಲ್ ಹಸಿರಾದರೆ ಬಿಸಿಮಾಡಿ ಮತ್ತೆ ಬಳಸಬಹುದು. ಕಾರ್ಡುಗಳನ್ನೂ ಅದೇ ಡಬ್ಬಿಯಲ್ಲಿ ಭಾರದಡಿ ಕೆಲವು ದಿನ ಇಟ್ಟು, ನೆಟ್ಟಗಾದ ಮೇಲಷ್ಟೇ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಕವಚ) ಹಾಕಿ. ಸ್ಲೀವ್ ಕೊಳ್ಳುವ ಮುನ್ನ ಕಾರ್ಡು ಅಳೆಯಿರಿ: 63×88 ಮಿ.ಮೀ. ಸಾಮಾನ್ಯ, ಆದರೆ ಎಲ್ಲ ಆಟಕ್ಕೂ ಅದೇ ಅಲ್ಲ.