ಲಕ್ಸೆಂಬರ್ಗಿನ ಹಬ್ಬ, ಜಾತ್ರೆ, ರಜೆ: 2027ಕ್ಕೆ ಬರುವವರಿಗೆ

ಜನವರಿಯಲ್ಲಿ ಲಕ್ಸೆಂಬರ್ಗಿಗೆ ಕೆಲಸಕ್ಕೆ ಬರುತ್ತಿದ್ದೀರಿ, ವರ್ಷದಲ್ಲಿ ಏನೇನು ನೋಡಬಹುದು, ರಜೆ ಹೇಗೆ ಹೊಂದಿಸಿಕೊಳ್ಳಬೇಕು ಅಂತ ಕೇಳಿದ್ದೀರಿ. ಮೊದಲು 2027ರ ಈಸ್ಟರ್ ಭಾನುವಾರಕ್ಕೆ ಗುರುತು ಹಾಕಿ: ಮಾರ್ಚ್ 28. ಯುಗಾದಿಯ ಹಾಗೆ ಅದೂ ಚಂದ್ರನ ಲೆಕ್ಕದ್ದು, ಪ್ರತಿವರ್ಷ ಸರಿಯುತ್ತದೆ. ಅದರ ಜೊತೆಗೇ ಅರ್ಧ ಕ್ಯಾಲೆಂಡರೂ ಸರಿಯುತ್ತದೆ.

ಈಸ್ಟರ್‌ಗೆ ಸರಿಯಾಗಿ ಆರು ವಾರ ಮೊದಲು, ಫೆಬ್ರವರಿ 14ಕ್ಕೆ, ಬುಅರ್ಗ್‌ಬ್ರೆನ್ನೆನ್. ಹಳ್ಳಿಯಾಚೆಯ ದಿಬ್ಬದ ಮೇಲೆ ಸೌದೆ, ಹುಲ್ಲು, ಹಳೇ ಕ್ರಿಸ್‌ಮಸ್ ಮರಗಳನ್ನು ಒಟ್ಟಿ, ಕತ್ತಲಾದ ಮೇಲೆ ಬೆಂಕಿ ಇಡುತ್ತಾರೆ. ಹೊಲ ಕೆಸರಾಗಿರುತ್ತದೆ, ಆಫೀಸ್ ಶೂ ಬೇಡ. ಅಲ್ಲಿ ಕೊಡುವ ಬಟಾಣಿ ಸೂಪಿನಲ್ಲಿ ಹಂದಿ ಮಾಂಸ ಇರುವುದೇ ಹೆಚ್ಚು. ಸಸ್ಯಾಹಾರಿಗಳು ಕೇಳದೆ ಬಟ್ಟಲು ಹಿಡಿಯಬೇಡಿ. ಎಲ್ಲ ಜಾತ್ರೆಯಲ್ಲೂ ಸಿಗುವ ಆಲೂಗಡ್ಡೆ ವಡೆ, ಗ್ರೊಂಪರೆಕೀಶೆಲ್ಶರ್, ತಿನ್ನಬಹುದು. ಆಲೂ ತುರಿ, ಈರುಳ್ಳಿ, ಪಾರ್ಸ್ಲಿ, ಮೈದಾ, ಎಣ್ಣೆಯಲ್ಲಿ ಕರಿದದ್ದು. ಆದರೆ ಮೊಟ್ಟೆ ಹಾಕಿರುತ್ತಾರೆ.

ಈಸ್ಟರ್ ಮರುದಿನ ಸೋಮವಾರ ರಾಜಧಾನಿಯ ಹಳೇ ಮೀನು ಮಾರ್ಕೆಟ್ ಸುತ್ತಮುತ್ತ ಮತ್ತು ನೋಸ್ಪೆಲ್ಟ್ ಹಳ್ಳಿಯಲ್ಲಿ ಏಮೈಶೆನ್ ಸಂತೆ. ಮಣ್ಣಿನ ಹಕ್ಕಿ ಪೀಪಿಗಳನ್ನು ಮಾರುವುದು ಆವತ್ತೇ. ಬೆಳಗ್ಗೆಯೇ ಹೋಗಿ, ಸಂಗ್ರಹ ಮಾಡುವವರು ಒಳ್ಳೊಳ್ಳೆಯದನ್ನು ಬೇಗ ಎತ್ತಿಕೊಂಡು ಹೋಗುತ್ತಾರೆ. ದುಡ್ಡು ಕೊಡುವ ಮೊದಲು ಊದಿಸಿ ನೋಡಿ.

ವರ್ಷಕ್ಕೆ ಒಂದೇ ಒಂದು ನೋಡುವುದಾದರೆ ಎಖ್ಟರ್‌ನಾಖ್‌ನ ಕುಣಿತದ ಮೆರವಣಿಗೆ ನೋಡಿ. ಈಸ್ಟರ್ ಆಗಿ 51ನೇ ದಿನ, ಮಂಗಳವಾರ. 2027ರಲ್ಲಿ ಮೇ 18. ಸಾಲಿಗೆ ಐದು ಜನ, ಬಿಳಿ ಅಂಗಿ, ಕಪ್ಪು ಪ್ಯಾಂಟು ಅಥವಾ ಲಂಗ. ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ನಡುವೆ ಬಿಳಿ ಕರವಸ್ತ್ರ, ತುದಿ ಹಿಡಿದುಕೊಂಡಿರುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕುಪ್ಪಳಿಸುತ್ತಾ ಬೆಸಿಲಿಕಾ ಚರ್ಚಿನ ನೆಲಮಾಳಿಗೆಯಲ್ಲಿರುವ ಸಂತ ವಿಲಿಬ್ರಾರ್ಡನ ಸಮಾಧಿಯವರೆಗೆ ಹೋಗುತ್ತಾರೆ. ಎಲ್ಲ ಬ್ಯಾಂಡಿನವರದ್ದೂ ಒಂದೇ ರಾಗ. ಒಂದು ತಂಡದ್ದು ದೂರವಾಗುವ ಮೊದಲೇ ಇನ್ನೊಂದರದ್ದು ಕಿವಿಗೆ ಬಡಿಯುತ್ತದೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ. ಹೊಸಬರು ಎಡವುವುದು ಇಲ್ಲೇ: ಹಿಂದಿನ ದಿನ ಸೋಮವಾರ ಸರ್ಕಾರಿ ರಜೆ, ಮೆರವಣಿಗೆಯ ಮಂಗಳವಾರ ಅಲ್ಲ. ರಜೆ ಮೊದಲೇ ಹಾಕಿ. ಆ ಊರಿಗೆ ರೈಲಿಲ್ಲ, ಬಸ್ಸು. 2020ರ ಮಾರ್ಚ್ 1ರಿಂದ ದೇಶದೊಳಗೆ ಬಸ್ಸು, ಟ್ರಾಮ್, ರೈಲಿನ ಎರಡನೇ ದರ್ಜೆ ಉಚಿತ. ಮೆರವಣಿಗೆ ಬೆಳಗ್ಗೆ 9:30ರ ಹೊತ್ತಿಗೆ ಹೊರಡುವುದರಿಂದ ಬೇಗ ಹೊರಡಿ.

ರಾಷ್ಟ್ರೀಯ ದಿನ ಜೂನ್ 23, ಅರಸರ ಅಧಿಕೃತ ಹುಟ್ಟುಹಬ್ಬ. ನಿಜಕ್ಕೆ ಆವತ್ತು ಯಾವ ಅರಸರೂ ಹುಟ್ಟಿದ್ದಲ್ಲ. ಆಗ ಆಳುತ್ತಿದ್ದ ಷಾರ್ಲೊಟ್ ರಾಣಿ ಹುಟ್ಟಿದ್ದು ಜನವರಿ 23ಕ್ಕೆ. ಆ ಚಳಿಯಲ್ಲಿ ಬೀದಿ ಸಂಭ್ರಮ ಕಷ್ಟ ಅಂತ 1961ರಲ್ಲಿ ಜೂನ್‌ಗೆ ತಂದರು. 2025ರ ಅಕ್ಟೋಬರ್ 3ಕ್ಕೆ ಹೆನ್ರಿ ಇಳಿದು ಮಗ ಗಿಯೋಮ್ ಪಟ್ಟಕ್ಕೆ ಬಂದರೂ ತಾರೀಖು ಬದಲಾಗಲಿಲ್ಲ. ಪಟಾಕಿ ಹಿಂದಿನ ರಾತ್ರಿ, 22ಕ್ಕೆ. ಆ ತಿಂಗಳು ಕತ್ತಲಾಗುವುದೇ ತಡ, ಚಿಕ್ಕ ಮಕ್ಕಳಿದ್ದರೆ ಯೋಚಿಸಿ.

ಆಗಸ್ಟ್ ಕೊನೆಯಿಂದ ಸುಮಾರು ಮೂರು ವಾರ ರಾಜಧಾನಿಯ ಗ್ಲಾಸಿ ಮೈದಾನದಲ್ಲಿ ಶೂಬರ್‌ಫೌಅರ್ ಜಾತ್ರೆ. 1340ರಲ್ಲಿ ಕುರುಡ ಜಾನ್ ದೊರೆ ಶುರುಮಾಡಿಸಿದ್ದು. ಆ ಮೈದಾನ ಬೇರೆ ದಿನಗಳಲ್ಲಿ ಪಾರ್ಕಿಂಗ್ ಜಾಗ, ಹಾಗಾಗಿ ಕಾರು ತರಬೇಡಿ. ಟ್ರಾಮಿನಲ್ಲಿ ಥಿಯಾಟ್ರ್ ಸ್ಟಾಪಿಗೆ ಇಳಿಯಿರಿ.

ಇನ್ನು ರಜೆಯ ಲೆಕ್ಕ. ಸರ್ಕಾರಿ ರಜೆ 11, ವಾರ್ಷಿಕ ರಜೆ ಕನಿಷ್ಠ 26 ದಿನ. ಗುಡ್ ಫ್ರೈಡೇ ಸರ್ಕಾರಿ ರಜೆ ಅಲ್ಲ. ಆ 11 ರಜೆಗಳಲ್ಲಿ 2027ರ ಮೇ 1 ಮತ್ತು ಡಿಸೆಂಬರ್ 25 ಶನಿವಾರ. ಮೇ 9, ಆಗಸ್ಟ್ 15, ಡಿಸೆಂಬರ್ 26 ಭಾನುವಾರ. ವಾರಕ್ಕೆ ಐದು ದಿನದ ಕೆಲಸವಾದರೆ ಐದಕ್ಕೂ ಬದಲಿ ರಜೆ ಸಿಗುತ್ತದೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆದುಕೊಳ್ಳಬೇಕು. ಮೇ ತಿಂಗಳ ಎರಡು ಬದಲಿ ರಜೆಯಲ್ಲಿ ಒಂದನ್ನು ಎಖ್ಟರ್‌ನಾಖ್‌ನ ಮಂಗಳವಾರಕ್ಕೇ ಇಟ್ಟುಕೊಳ್ಳಿ.